ಕೊಪ್ಪಳದ ಗೋಡೆಗೆ ಯಾವ ಕನ್ನಡ?

(ಬೆಂಗಳೂರಿನಲ್ಲಿ ಕನ್ನಡ ಯುವಕರ ಶಿಬಿರವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಎಷ್ಟು ಜನ ಕೊಪ್ಪಳ ನೋಡಿದ್ದೀರಿ? ಕೈ ಎತ್ತಿ. ಹುಬ್ಬಳ್ಳಿಗೆ ಹೋಗುವಾಗ ಹಂಪಿ ಎಕ್ಸ್‌ಪ್ರೆಸ್ಸಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಸರಿ, ಮೂರು ಕೈ. ಈ ಮಾತನ್ನು ಮುಂದೆ ಪತ್ರಿಕೆಯಲ್ಲಿ ಓದುವ ನೀವೂ ಒಮ್ಮೆ ನಿಮ್ಮ ಕೈಯನ್ನು ನೋಡಿಕೊಳ್ಳಿ.

ಕನ್ನಡ ಧಾರಾವಾಹಿಯೊಂದಕ್ಕೆ ಮುದ್ರಣದ ಪ್ರಚಾರವನ್ನು ಯೋಜಿಸುವುದು ಹೇಗೆ ಎಂದು ಮಾತಾಡಿ ಅಂತ ಕರೆದಿದ್ದಾರೆ. ನಿಮ್ಮಲ್ಲಿ ಚಾನೆಲ್ಲಿನಲ್ಲಿ ಇರುವವರಿದ್ದೀರಿ, ಜಾಹೀರಾತು ಕಂಪನಿಯಲ್ಲಿ ಇರುವವರಿದ್ದೀರಿ, ಡಿಟಿಪಿ ಅಂಗಡಿ ಇಟ್ಟವರೂ ಇದ್ದೀರಿ. ಬೆಂಗಳೂರಿನ ಹೋರ್ಡಿಂಗು, ಮೆಟ್ರೋ ಕಂಬ, ಪತ್ರಿಕೆಯ ಮುಖಪುಟದ ಹೊದಿಕೆ, ಇವನ್ನೆಲ್ಲ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ನಾನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಾತು ಆಡುತ್ತೇನೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದಾಗ ಇದ್ದದ್ದು ಈ ನಾಲ್ಕೇ ತಾಲ್ಲೂಕು. ಆಮೇಲೆ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳಾದವು. ಹಳಬನಾದ ನನ್ನ ಬಾಯಿಗೆ ನಾಲ್ಕೇ ಬರುತ್ತದೆ, ಮನ್ನಿಸಿ.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಟೀವಿ ಎಂದರೆ ಬೆಂಗಳೂರಿನ ಸೊತ್ತು, ಅಲ್ಲಿಂದ ಅದು ಕೃಪೆಯಾಗಿ ಇತ್ತ ಹರಿದು ಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. 'ಸೈಟ್' ಪ್ರಯೋಗ ಎನ್ನುತ್ತಿದ್ದರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ಯಾವುವು ಗೊತ್ತೇ? ಗುಲಬರ್ಗಾ, ವಿಜಾಪುರ ಮತ್ತು ರಾಯಚೂರು. ಈ ನಾಲ್ಕು ತಾಲ್ಲೂಕುಗಳು ಆಗ ಅದೇ ರಾಯಚೂರು ಜಿಲ್ಲೆಯವು. ಬೆಂಗಳೂರು ದೂರದರ್ಶನ ಕಣ್ಣು ಬಿಟ್ಟದ್ದು 1981ರ ನವೆಂಬರಿನಲ್ಲಿ. ಅಂದರೆ ಬೆಂಗಳೂರಿನವರಿಗೆ ತಮ್ಮದೇ ಟೀವಿ ಬರುವ ಆರು ವರ್ಷ ಮೊದಲೇ ಈ ಸೀಮೆಯ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕೂತು ಕನ್ನಡದಲ್ಲಿ ಟೀವಿ ನೋಡಿದ್ದರು!

ಹೀಗಿದ್ದೂ ಆಮೇಲೆ ಏನಾಯಿತು? 1994ರಲ್ಲಿ ಉದಯ ಟೀವಿ ಬಂತು, 2000ದಲ್ಲಿ ಈಟೀವಿ ಬಂತು, ಒಂದರ ಹಿಂದೆ ಒಂದು ಖಾಸಗಿ ವಾಹಿನಿಗಳು ಬಂದವು. ನೋಡುವವರ ಲೆಕ್ಕ ಹಿಡಿಯುವ ಪೆಟ್ಟಿಗೆಗಳು ಮಾತ್ರ ದೊಡ್ಡ ಪಟ್ಟಣಗಳ ಮನೆಗಳಲ್ಲೇ ಇದ್ದವು. ಹಳ್ಳಿಗಳು ಆ ಲೆಕ್ಕಕ್ಕೆ ಬಂದದ್ದು 2015ರಲ್ಲಿ, ಬಾರ್ಕ್ ಸಂಸ್ಥೆ ಬಂದ ಮೇಲೆ. ಅಲ್ಲಿಯವರೆಗೆ ಯಲಬುರ್ಗಾ ತಾಲ್ಲೂಕಿನ ಹಳ್ಳಿಯ ತಾಯಿ ಒಂದು ಧಾರಾವಾಹಿಯನ್ನು ದಿನಾ ನೋಡಿದರೂ ಒಂದೇ, ಟೀವಿ ಆರಿಸಿ ಮಲಗಿದರೂ ಒಂದೇ. ಲೆಕ್ಕಕ್ಕೆ ಬಾರದವರಿಗೆ ಯಾರು ಭಿತ್ತಿಪತ್ರ ಅಚ್ಚು ಹಾಕಿಸುತ್ತಾರೆ? ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಹದಿಮೂರು ಲಕ್ಷ ಮೀರಿದೆ, ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಯವರು. ಇಡೀ ಜಿಲ್ಲೆಗೆ ಗಂಗಾವತಿಯಲ್ಲಿ ಒಂದು ಹೋರ್ಡಿಂಗು ಹಾಕಿ ಕೈ ತೊಳೆದುಕೊಳ್ಳುತ್ತಿದ್ದ ಕಾಲ ಅದು. ನಾನೂ ಹಾಗೆ ಕೈ ತೊಳೆದುಕೊಂಡವನೇ.

ನನ್ನ ತಪ್ಪನ್ನೇ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ ಒಂದು ವಾಹಿನಿಯ ಧಾರಾವಾಹಿಗೆ ಭಿತ್ತಿಪತ್ರ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ವಾಹಿನಿ ಯಾವುದು ಅನ್ನುವುದು ಬೇಡ. ನಾಯಕಿಯ ದೊಡ್ಡ ಮುಖ, ಹಿಂದೆ ಮೆಟ್ಟಿಲಿರುವ ಬಂಗಲೆ, ಕೆಳಗೆ ನನ್ನ ಸಾಲು: 'ಪ್ರತಿದಿನ ರಾತ್ರಿ 8ಕ್ಕೆ ತಪ್ಪದೇ ವೀಕ್ಷಿಸಿ.' ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಅದನ್ನು ಅಂಟಿಸಿದ ಮರುದಿನ ನಾನೇ ಅಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಪಕ್ಕದ ಶಾಲೆ ಹುಡುಗನನ್ನು ಕೇಳಿದಳು:

"ಏನ್ ಬರದೈತೋ ತಮ್ಮಾ ಅದರಾಗ?"

"ತಪ್ಪದೇ ವೀಕ್ಷಿಸಿ ಅಂತ ಐತಿ ಬೇ."

"ತಪ್ಪಿಲ್ಲದ ಯಾರನ್ನ ಶಿಕ್ಷಿಸ್ತಾರಂತೋ?"

ಹುಡುಗ ನಕ್ಕ. ನಾನೂ ನಕ್ಕೆ. ಆದರೆ ಅಜ್ಜಿ ನಗಲಿಲ್ಲ. ಮುಂದಿನ ಮಾತು ಕೇಳಿ: "ಎಂಟಕ್ಕ ನಮ್ಮೂರಾಗ ಕರೆಂಟೇ ಇರಂಗಿಲ್ಲ." ಆಗ ನನ್ನ ನಗೆ ಅಲ್ಲೇ ಒಣಗಿತು. ಬಣ್ಣ ಯಾವುದು, ಕಾಗದ ಎಷ್ಟು ದಪ್ಪ, ನಾಯಕಿಯ ಸೀರೆ ಯಾವುದು ಎಂದು ಹದಿನೈದು ದಿನ ಚರ್ಚಿಸಿದ್ದೆವು. ಆ ಊರಿಗೆ ಎಷ್ಟು ಗಂಟೆಗೆ ಕರೆಂಟು ಬರುತ್ತದೆ ಎಂದು ಒಬ್ಬನೂ ಕೇಳಿರಲಿಲ್ಲ. ಒಂದು ಫೋನು ಸಾಕಾಗಿತ್ತು!

ಈಗ ಕರೆಂಟಿನ ಪರಿಸ್ಥಿತಿ ಸುಧಾರಿಸಿದೆ. ಕೇಳದೇ ಇರುವ ರೋಗ ಮಾತ್ರ ಹಾಗೇ ಇದೆ.

ಎಲ್ಲರ ಕೈಯಲ್ಲೂ ಫೋನು ಇರುವಾಗ ಕಾಗದಕ್ಕೆ ಏಕೆ ದುಡ್ಡು ಸುರಿಯಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾಹಿನಿಯ ತುಣುಕು ಜಾಹೀರಾತನ್ನು ನೋಡುವವರು ಆಗಲೇ ಆ ವಾಹಿನಿ ಹಾಕಿಕೊಂಡವರು. ಫೋನಿನಲ್ಲಿ ಬರುವುದು ಆ ಫೋನಿನ ಒಡೆಯ ಮೊದಲು ಏನು ನೋಡಿದ್ದನೋ ಅದರ ಬಾಲ. ಮನೆಯ ಫೋನು ಬಹಳ ಕಡೆ ಗಂಡಸಿನ ಜೇಬಿನಲ್ಲಿರುತ್ತದೆ, ಧಾರಾವಾಹಿ ನೋಡುವವಳು ಅವನ ತಾಯಿ ಇಲ್ಲವೇ ಹೆಂಡತಿ. ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ ಕಾಗದ ಮಾತ್ರ ನೀನು ಯಾವ ವಾಹಿನಿಯವಳು ಎಂದು ಕೇಳುವುದಿಲ್ಲ. ಜೋಳ ಬೀಸುವ ತನಕ ಅವಳು ಅದರ ಮುಂದೆ ನಿಲ್ಲಲೇಬೇಕು.

ಜಾಗ ಹುಡುಕುವುದು ಎಂದರೆ ಇದೇ. ಕುಷ್ಟಗಿಯ ಮೇಲೆ ವಿಜಾಪುರದಿಂದ ಚಿತ್ರದುರ್ಗದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಹಾಯುತ್ತದೆ, ಕೊಪ್ಪಳದ ಮೇಲೆ ಹುಬ್ಬಳ್ಳಿ-ಹೊಸಪೇಟೆಯ ಹೆದ್ದಾರಿ 67. ಬೆಂಗಳೂರಿನಲ್ಲಿ ನಕಾಶೆ ಹಿಡಿದು ಕೂತವನ ಬೆರಳು ನೇರ ಆ ಹೆದ್ದಾರಿಗೇ ಹೋಗುತ್ತದೆ. ಹೆದ್ದಾರಿಯ ಬದಿಯ ದೊಡ್ಡ ಫಲಕವನ್ನು ನೋಡುವವನು ಲಾರಿ ಡ್ರೈವರು. ಅವನು ನಿಮ್ಮ ಅತ್ತೆ-ಸೊಸೆ ಕಥೆ ನೋಡುತ್ತಾನೆಯೇ? ಅದೇ ಹಣದಲ್ಲಿ ಸಂತೆಯ ದಿನ ಬಳೆ ಅಂಗಡಿ, ಕಿರಾಣಿ ಅಂಗಡಿ, ಹೊಲಿಗೆ ಅಂಗಡಿ, ರೇಷನ್ ಅಂಗಡಿಗಳಿಗೆ ಸಾವಿರಾರು ಸಣ್ಣ ಹಾಳೆ ಹಂಚಬಹುದು. ಹುಲಿಗೆಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಬರುವ ಹೆಣ್ಣುಮಕ್ಕಳ ಗುಂಪು ನೋಡಿದ್ದೀರಾ? ಜನವರಿಯ ಹೊತ್ತಿಗೆ ಬರುವ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ. ಅಲ್ಲಿ ಅಂಗಡಿಯವರಿಗೆ ನಿಮ್ಮ ಧಾರಾವಾಹಿಯ ಚಿತ್ರ ಅಚ್ಚಾದ ಕಾಗದದ ಪೊಟ್ಟಣ ಮಾಡಿಸಿ ಕೊಡಿ. ಮಿರ್ಚಿ ಭಜಿ ತಿಂದು ಎಸೆದರೂ ಒಮ್ಮೆ ನೋಡಿಯೇ ಎಸೆಯುತ್ತಾರೆ.

ಕಾಲದ ವಿಚಾರಕ್ಕೆ ಬರೋಣ. ವಾಹಿನಿಗಳು ಧಾರಾವಾಹಿ ಶುರು ಮಾಡುವುದು ತಮ್ಮ ವೇಳಾಪಟ್ಟಿಯಲ್ಲಿ ಖಾಲಿ ಬಿದ್ದಾಗ. ಅದನ್ನು ನೀವು ಬದಲಿಸಲಾರಿರಿ, ಪ್ರಚಾರದ ದಿನವನ್ನಾದರೂ ಬದಲಿಸಬಹುದು. ನಮ್ಮ ಕಡೆ ಶ್ರಾವಣದ ಪಂಚಮಿ ಹಬ್ಬ ಎಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ. ಅಕ್ಕ-ತಂಗಿ, ತಾಯಿ-ಮಗಳು ಒಂದೇ ಪಡಸಾಲೆಯಲ್ಲಿ ಕೂತು ಟೀವಿ ನೋಡುವ ನಾಲ್ಕು ದಿನ ಅವು. ಆಗ ಒಬ್ಬಳ ಕಣ್ಣಿಗೆ ಬಿದ್ದ ಹೊಸ ಧಾರಾವಾಹಿ ವಾರ ಕಳೆಯುವುದರೊಳಗೆ ನಾಲ್ಕು ಊರು ಸೇರುತ್ತದೆ. ಗಂಗಾವತಿ ಕಡೆಗೆ ಬೇರೆ ಲೆಕ್ಕ. ಅದು ತುಂಗಭದ್ರೆಯ ಕಾಲುವೆಯ ಸೀಮೆ, ಅಕ್ಕಿ ಗಿರಣಿಗಳ ಊರು. ಭತ್ತದ ನಾಟಿ, ಕೊಯಿಲು ನಡೆದಾಗ ಸಂಜೆ ಮನೆಗೆ ಬಂದ ಹೆಣ್ಣಾಳಿಗೆ ಟೀವಿ ಮುಂದೆ ಕೂರುವ ತ್ರಾಣ ಎಲ್ಲಿಂದ ಬರಬೇಕು?

ಇನ್ನು ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳು. ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಿ. ಬಿತ್ತಿದ ಬೀಜಕ್ಕೆ ಮಳೆ ಬಾರದ ವರ್ಷ ಆ ಹಳ್ಳಿಗಳಿಂದ ಗುಳೆ ಹೊರಡುತ್ತಾರೆ. ಎಲ್ಲಿಗೆ? ಗೋವಾಕ್ಕೆ, ಮಂಗಳೂರಿಗೆ, ನಿಮ್ಮ ಬೆಂಗಳೂರಿಗೆ. ನೀವು ಬಾಡಿಗೆಗಿರುವ ಮನೆಯ ಮೇಲಿನ ಮಹಡಿ ಕಟ್ಟುತ್ತಿರುವವರ ಹತ್ತಿರ ಹೋಗಿ ಯಾವೂರು ಎಂದು ಕೇಳಿ ನೋಡಿ. ಅವರ ಕನ್ನಡ ನಮ್ಮ ಧಾರಾವಾಹಿಗಳಲ್ಲಿ ಯಾವಾಗ ಕೇಳಿಸುತ್ತದೆ? ಮನೆಗೆಲಸದವಳು ಬಂದಾಗ, ವಾಚಮನ್ ಬಂದಾಗ, ಪ್ರೇಕ್ಷಕ ನಗಬೇಕಾದಾಗ. ನಾಯಕ ಪ್ರೀತಿ ಹೇಳುವುದು ಬೆಂಗಳೂರು ಕನ್ನಡದಲ್ಲಿ, 'ಐತಿ', 'ಬರ್ರಿ' ಬರುವುದು ನಗೆಯಾಟಕ್ಕೆ. ಅಂಥ ಧಾರಾವಾಹಿಯ ಭಿತ್ತಿಪತ್ರವನ್ನು ಕುಷ್ಟಗಿಯ ಗೋಡೆಗೆ ಅಂಟಿಸಿ 'ನಿಮ್ಮ ಮನೆಯ ಕಥೆ' ಎಂದು ಬರೆದರೆ ಅದು ಪ್ರಚಾರವೇ, ಅಣಕವೇ?

ಆ ಕನ್ನಡ ಓಡುವುದಿಲ್ಲ, ಮೈಸೂರಿನವರಿಗೆ ತಿಳಿಯುವುದಿಲ್ಲ ಎನ್ನುತ್ತಾರೆ. ಗಂಗಾವತಿ ಪ್ರಾಣೇಶರು ಅದೇ ಕನ್ನಡದಲ್ಲಿ ಮಾತಾಡುತ್ತಾ ಊರೂರಿನ ಸಭಾಂಗಣ ತುಂಬಿಸಿದರು, ಮೈಸೂರು ಕಡೆಯವರನ್ನೂ ಕೂರಿಸಿದರು. ಅವರ ಹಿಂದೆ ಬೀಚಿ ಇದ್ದರು. ಅವರ ಹಿಂದೆ ಇಡೀ ಕಂಪನಿ ನಾಟಕದ ಪರಂಪರೆ ಇತ್ತು. ಹುನಗುಂದ ಸೀಮೆಯ ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಮೊದಲು ನಾಟಕ. 1974ರಲ್ಲಿ ಅದು ಸಿನಿಮಾ ಆಗಿ ರಾಜ್‌ಕುಮಾರರಿಂದ ನಾಡಿನ ಮನೆಮಾತಾಯಿತು. ಕಂಪನಿ ನಾಟಕದವರಿಗೆ ಪ್ರಚಾರ ಹೇಳಿಕೊಡಲು ಯಾವ ಕಾಲೇಜೂ ಇರಲಿಲ್ಲ. ತೆಳು ಬಣ್ಣದ ಕಾಗದ, ದಪ್ಪ ಅಕ್ಷರ, ಮೇಲೆ ನಾಟಕದ ಹೆಸರು, ನಡುವೆ ಊರ ಜನ ಗುರುತಿಸುವ ನಟಿಯ ಹೆಸರು, ಕೆಳಗೆ ಹೊತ್ತು ಮತ್ತು ಜಾಗ. ಮುಗಿಯಿತು. ಓದಲು ಬಾರದವರಿಗಾಗಿ ಟಾಂಗಾದಲ್ಲಿ ಕೂತು ಕೂಗುತ್ತಾ ಹೋಗುತ್ತಿದ್ದರು, ಕರಪತ್ರ ತೂರುತ್ತಿದ್ದರು. ಮಕ್ಕಳು ಅದರ ಹಿಂದೆ ಓಡುತ್ತಿದ್ದರು. ಆ ಮಕ್ಕಳೇ ಮನೆಗೆ ಹೋಗಿ ತಾಯಿಗೆ ಓದಿ ಹೇಳುತ್ತಿದ್ದರು.

ಇದು ಹಳೆಯ ಕಾಲದ ಚೆಂದದ ಕಥೆ ಎಂದು ತಳ್ಳಬೇಡಿ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ನೂರಕ್ಕೆ 68ರ ಆಸುಪಾಸು. ಹೆಂಗಸರದು ಅದಕ್ಕೂ ಕಡಿಮೆ. ನಿಮ್ಮ ಧಾರಾವಾಹಿಗೆ ಮುಖ್ಯವಾಗಿ ಬೇಕಾದ ಪ್ರೇಕ್ಷಕಳೇ ನಿಮ್ಮ ಸಾಲನ್ನು ಓದಲಾರಳು ಎಂದಾಗ ಭಿತ್ತಿಪತ್ರ ಹೇಗಿರಬೇಕು? ಚಿತ್ರವೇ ಕಥೆ ಹೇಳಬೇಕು. ಗಡಿಯಾರದ ಚಿತ್ರ ಬರೆದು ಮುಳ್ಳು ತೋರಿಸಿ. ವಾಹಿನಿಯ ಗುರುತನ್ನು ಟೀವಿಯಲ್ಲಿ ಮೂಲೆಗೆ ಹೇಗೆ ಕಾಣುತ್ತದೋ ಹಾಗೆಯೇ, ಅದೇ ಬಣ್ಣದಲ್ಲಿ ದೊಡ್ಡದಾಗಿ ಹಾಕಿ. ಗೊಂಬೆಗಳಿಗೆ ಹೆಸರಾದ ಕಿನ್ನಾಳ ಕೊಪ್ಪಳದ ಪಕ್ಕದಲ್ಲೇ ಇದೆ. ಅಲ್ಲಿಯ ಚಿತ್ರಗಾರರ ಕೈಯಲ್ಲಿ ಮುಖ್ಯ ಪಾತ್ರಗಳ ಚಿತ್ರ ಬರೆಸಿ ಅಚ್ಚು ಹಾಕಿಸಿದರೆ, ಅದು ತಮ್ಮದು ಎಂದು ಆ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಷರದ ಬಗ್ಗೆ ಒಂದು ಗೊಣಗಾಟ. ವಿನ್ಯಾಸ ಮುಂಬೈಯಲ್ಲಿ ಆಗುತ್ತದೆ. ಕನ್ನಡ ಗೊತ್ತಿಲ್ಲದವನು ಆ ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆಯುತ್ತಾನೆ, ಒತ್ತಕ್ಷರ ಕಳಚಿ ಬೀಳುತ್ತದೆ. 'ಕೊಪ್ಪಳ' ಹೋಗಿ 'ಕೊಪ್‌ಪಳ' ಆಗುತ್ತದೆ. 'ಕುಷ್ಟಗಿ'ಯ ಷಕಾರ ಒಂದು ಕಡೆ, ಟಕಾರ ಇನ್ನೊಂದು ಕಡೆ. 'ಯಲಬುರ್ಗಾ'ದ ಅರ್ಕಾವತ್ತು ಊರು ಬಿಟ್ಟೇ ಹೋಗುತ್ತದೆ. ನಾಲ್ಕರಲ್ಲಿ ಗಂಗಾವತಿಯೊಂದೇ ಒತ್ತಿಲ್ಲದ ಪುಣ್ಯಕ್ಕೆ ಪಾರು! ಲಕ್ಷಗಟ್ಟಲೆ ಖರ್ಚು ಮಾಡಿದ ಫಲಕದಲ್ಲಿ ಊರಿನ ಹೆಸರೇ ಮುರಿದಿದ್ದರೆ ಆ ಊರಿನವನಿಗೆ ಏನನ್ನಿಸಬೇಕು? ಅಚ್ಚಿಗೆ ಹೋಗುವ ಮುನ್ನ ಕೊನೆಯ ಕಡತವನ್ನು ಕನ್ನಡ ಬಲ್ಲ ಒಬ್ಬನ ಕಣ್ಣಿಗೆ ಹಾಕದೆ ಬಿಡಬೇಡಿ. ಈ ಶಿಬಿರದಿಂದ ನೀವು ಇದೊಂದನ್ನೇ ನೆನಪಿಟ್ಟುಕೊಂಡು ಹೋದರೂ ನನ್ನ ಬಸ್ ಚಾರ್ಜು ವಸೂಲಾದಂತೆ.

ಪತ್ರಿಕೆ ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2012ರಲ್ಲಿ ಆರಂಭವಾದ ವಿಜಯವಾಣಿ ಗಂಗಾವತಿಯನ್ನು ಒಂದು ಆವೃತ್ತಿಯ ಕೇಂದ್ರ ಮಾಡಿಕೊಂಡಿತು, ಅಂದರೆ ಪತ್ರಿಕೆಯವರಿಗೆ ಆ ಊರಿನ ತೂಕ ಗೊತ್ತು. ರಾಜ್ಯದ ಎಲ್ಲ ಆವೃತ್ತಿಗೆ ಒಂದೇ ಜಾಹೀರಾತು ಕೊಡುವ ಬದಲು ಜಿಲ್ಲೆಯ ಪುಟದಲ್ಲಿ ಆ ಜಿಲ್ಲೆಯ ಮಾತು ಆಡಿ. ಹಣ ಕಡಿಮೆಯಿದ್ದರೆ ನಸುಕಿನಲ್ಲಿ ಬಸ್ ನಿಲ್ದಾಣದ ಹತ್ತಿರ ಪತ್ರಿಕೆ ಜೋಡಿಸುವ ಏಜೆಂಟರ ಬಳಿ ಹೋಗಿ, ಕರಪತ್ರ ಒಳಗೆ ಸೇರಿಸಲು ಕೇಳಿ. ಜೊತೆಗೆ ಅವರಿಗೊಂದು ಚಹಾ ಕೊಡಿಸಿ.

ಗಂಗಾವತಿ, ಕಾರಟಗಿಯ ಸುತ್ತ ಇನ್ನೊಂದು ಸಂಗತಿ ಇದೆ. ಅಣೆಕಟ್ಟು ಆಗಿ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ. ಅಲ್ಲಿ ಮನೆಯ ಮಾತು ತೆಲುಗು, ಟೀವಿಯಲ್ಲೂ ತೆಲುಗು ಓಡುತ್ತದೆ. ಊರಲ್ಲಿ ತೆಲುಗು ಸಿನಿಮಾದ ಫಲಕಗಳಿಗೂ ಬರವಿಲ್ಲ. ಅವನ್ನು ಕಂಡರೆ ನಮ್ಮ ಕೆಲವು ಹುಡುಗರ ಕೈ ತುರಿಸುತ್ತದೆ. ಮಸಿ ಬಳಿಯುವುದು ಸುಲಭ, ಹತ್ತು ನಿಮಿಷದ ಕೆಲಸ. ಆ ಕ್ಯಾಂಪಿನ ಮಕ್ಕಳು ಕನ್ನಡ ಶಾಲೆಗೆ ಹೋಗಿ ಕನ್ನಡ ಓದುತ್ತಾರೆ. ಅವರ ತಾಯಂದಿರ ಸಂಜೆ ಎಂಟು ಗಂಟೆಯನ್ನು ಗೆಲ್ಲುವ ಒಂದು ಕನ್ನಡ ಧಾರಾವಾಹಿ, ಅದನ್ನು ಅವರಿಗೆ ಮುಟ್ಟಿಸುವ ಒಂದು ಭಿತ್ತಿಪತ್ರ, ಇದು ಕಷ್ಟದ ಕೆಲಸ. ಕಷ್ಟದ್ದನ್ನು ಮಾಡಿ.

ಈಗ ನಾನು ತಲೆ ತಗ್ಗಿಸಿದ ಕಥೆ. ಡಬ್ಬಿಂಗ್ ಬೇಡ ಎಂದು 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯಂಥವರು ಎತ್ತಿದ ದನಿ ನಮ್ಮ ಚಳವಳಿಯ ಬೇರಿನಲ್ಲಿದೆ. ನಮ್ಮ ಕಲಾವಿದರ ಅನ್ನದ ಪ್ರಶ್ನೆ ಅದು. ನಾನೂ ಆ ಘೋಷಣೆ ಕೂಗಿದವನು. 2012ರಲ್ಲಿ ಅಮೀರ್ ಖಾನರ 'ಸತ್ಯಮೇವ ಜಯತೇ' ಕನ್ನಡದ ದನಿಯಲ್ಲಿ ನಮ್ಮ ವಾಹಿನಿಗಳಿಗೆ ಬರಲಿಲ್ಲ, ನಾವು ಗೆದ್ದೆವು ಎಂದುಕೊಂಡೆವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. 2020ರಲ್ಲಿ ಕೊರೊನಾ ಬಂತು, ಚಿತ್ರೀಕರಣ ನಿಂತಿತು, ಡಬ್ಬಿಂಗ್ ಧಾರಾವಾಹಿಗಳು ಕಟ್ಟೆಯೊಡೆದು ಹರಿದವು. ಆ ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತು. ಮೂಲ ಹಿಂದಿ, ಡಾ. ಅಂಬೇಡ್ಕರರ ಬದುಕು, ವಾರದ ಕೊನೆಗೆ ಪ್ರಸಾರ.

ಆಮೇಲೆ ನಡೆದದ್ದನ್ನು ಯಾವ ಜಾಹೀರಾತು ಕಂಪನಿಯೂ ಯೋಜಿಸಿರಲಿಲ್ಲ. ನಾಡಿನ ಊರೂರುಗಳಲ್ಲಿ, ಕೇರಿಯ ಬಾಯಿಯಲ್ಲಿ, ವೃತ್ತಗಳಲ್ಲಿ ಬ್ಯಾನರು ಎದ್ದವು. ಹುಡುಗರು ತಮ್ಮ ತಮ್ಮಲ್ಲೇ ವಂತಿಗೆ ಎತ್ತಿದರು, ದಲಿತ ಸಂಘಟನೆಗಳು ಹಣ ಹಾಕಿದವು. ಧಾರಾವಾಹಿಯ ಹೆಸರು, ವಾರ, ಹೊತ್ತು, ಬಾಬಾಸಾಹೇಬರ ಚಿತ್ರ. ಒಂದು ಟೀವಿ ಧಾರಾವಾಹಿಗೆ ಜನರೇ ತಮ್ಮ ಕಾಸಿನಿಂದ ಪ್ರಚಾರ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೆಲವು ಕಡೆ ಆ ಬ್ಯಾನರುಗಳನ್ನು ಹರಿದರು. ಪ್ರಸಾರ ನಿಲ್ಲಿಸಿ ಎಂದು ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಆ ಆಗಸ್ಟ್ ಕೊನೆಗೆ ಬಹಿರಂಗವಾಗಿ ಹೇಳಿದರು. ಪ್ರಸಾರ ನಿಲ್ಲಲಿಲ್ಲ.

ಒಂದು ತುಂಡು ಬಟ್ಟೆಯನ್ನು ಏಕೆ ಹರಿಯುತ್ತಾರೆ? ಬೀದಿಯ ಗೋಡೆ ಯಾರದು ಎಂಬ ಜಗಳ ಅದು. ಕೊಪ್ಪಳ ಜಿಲ್ಲೆಯಲ್ಲೇ ನೋಡಿ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಹೋಯಿತೆಂದು ದಲಿತ ಕುಟುಂಬಕ್ಕೆ ದಂಡ ಕೇಳಿದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ನೆಲದಲ್ಲಿ ಯಾವ ಧಾರಾವಾಹಿಯ ಚಿತ್ರ ಯಾವ ಕೇರಿಯ ಗೋಡೆಗೆ ಬರುತ್ತದೆ ಎನ್ನುವುದು ಬರೀ ಬಣ್ಣದ, ಅಳತೆಯ ಮಾತಲ್ಲ.

ಆ ಹುಡುಗರ ಮುಂದೆ ಹೋಗಿ 'ಇದು ಡಬ್ಬಿಂಗ್, ಕನ್ನಡಕ್ಕೆ ದ್ರೋಹ' ಎಂದು ಹೇಳಲು ನನ್ನ ಬಾಯಿ ಏಳಲಿಲ್ಲ. ಅವರು ಕನ್ನಡದಲ್ಲೇ ಕೇಳುತ್ತಿದ್ದರು, ಕನ್ನಡದಲ್ಲೇ ಬ್ಯಾನರು ಬರೆಸಿದ್ದರು. ಅವರಿಗೆ ಬೇಕಿದ್ದ ಕಥೆಯನ್ನು ನಾವು ಕನ್ನಡದಲ್ಲೇ ಬರೆದು, ನಮ್ಮ ಕಲಾವಿದರಿಂದಲೇ ಆಡಿಸಿ ಅವರ ಮನೆಗೆ ಕಳಿಸಿದ್ದರೆ ಮುಂಬೈಯಿಂದ ತರಬೇಕಿತ್ತೇ? ಡಬ್ಬಿಂಗ್ ವಿಷಯದಲ್ಲಿ ನನ್ನ ನಿಲುವು ಈಗಲೂ ಪೂರ್ತಿ ಬದಲಾಗಿಲ್ಲ. ಕಲಾವಿದನ ಅನ್ನ ಅನ್ನವೇ. ಆದರೆ ಆ ಘೋಷಣೆಯನ್ನು ಮೊದಲಿನಷ್ಟು ಗಟ್ಟಿಯಾಗಿ ಕೂಗಲು ಆಗುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದಕ್ಕೆ ಉತ್ತರ ಗೊತ್ತಿದ್ದರೆ ಊಟದ ಹೊತ್ತಿಗೆ ಬಂದು ಹೇಳಿ.

ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಎಚ್ಚರ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಎಲ್ಲರೂ ಹಾಕುತ್ತಾರೆ ಎಂದು ನೀವೂ ಹಾಕಬೇಡಿ, ಬಟ್ಟೆ ಇದೆ, ಕಾಗದ ಇದೆ. ಕಂಡ ಕಂಡ ಗೋಡೆಗೆ ಅಂಟಿಸುವುದನ್ನು ತಡೆಯುವ 1981ರ ಕಾಯಿದೆಯೂ ಇದೆ. ಗಿರಣಿಯವನ, ಅಂಗಡಿಯವನ ಒಪ್ಪಿಗೆ ಕೇಳಿ ಅಂಟಿಸಿದ ಹಾಳೆಯನ್ನು ಅವನೇ ಕಾಯುತ್ತಾನೆ.

ಅಚ್ಚಿಗೆ ಕೊಡುವ ಮುನ್ನ ಕರಡು ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿ. ಬೆಳಗ್ಗೆ ಕೊಪ್ಪಳದ ನಿಲ್ದಾಣದಲ್ಲಿ ಇಳಿದು ಹೂ ಮಾರುವ ತಾಯಿಯ ಮುಂದೆ ಅದನ್ನು ಬಿಚ್ಚಿ. "ಯವ್ವಾ, ಇದು ಏನಂತ ಹೇಳು ನೋಡೋಣ" ಎಂದು ಕೇಳಿ. ಅವಳು ಏನು ಹೇಳುತ್ತಾಳೋ ಅದನ್ನು ಹಾಳೆಯ ಹಿಂದೆ ಬರೆದುಕೊಂಡು ವಾಪಸು ಬನ್ನಿ. ಅಲ್ಲಿಂದ ಶುರು ಮಾಡೋಣ.